ಬೇಕಾದಷ್ಟು

ಭಾನುವಾರ ಬಂತೆಂದರೆ ನಮ್ಮಲ್ಲಿ ಜಗಳ.
ಕುತಾಯಿಸಿಯ ಈ ನಾಲ್ಕನೇ ಮಹಡಿಗೆ,
ಲಿಫ್ಟು ಕೆಟ್ಟು ವರ್ಷವಾದ ಕಟ್ಟಡದಲ್ಲಿ,
ಏದುಸಿರು ಬಿಡುತ್ತ ಹತ್ತಿ ಬಂದ ಅಕ್ಕ ಸಿಯಾಲಾ
ಕೋಟು ಕಳಚುವ ಮೊದಲೇ
ಗಡಿಗೆಯ ಮುಚ್ಚಳ ಎತ್ತಿ ಮೂಸುತ್ತಾಳೆ:
"ಅಕ್ರೋಟು ಎಲ್ಲಿ? ಇದು ಅಮ್ಮನ ಲೋಬಿಯೋ ಅಲ್ಲ."

ಮಣ್ಣಿನ ಗಡಿಗೆ. ರಾತ್ರಿಯಿಡೀ ನೆನೆದು
ಬೆಳಗಿನಿಂದ ಕುದಿಯುತ್ತಿರುವ ರಾಜ್ಮಾ ಕಾಳು,
ಬೆಳ್ಳುಳ್ಳಿ, ಕೊತ್ತಂಬರಿ,
ನೀಲಿ ಹೂವಿನ ಮೆಂತ್ಯದ ಒಂದು ಚಿಟಿಕೆ ಪುಡಿ.
ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ಅಣ್ಣ ಒತಾರಿ ಹೇಳುತ್ತಾನೆ, ಅಕ್ರೋಟು ಶ್ರೀಮಂತರ ಚಾಳಿ;
ಸೂರ್ಯಕಾಂತಿ ಎಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ,
ಅದೇ ಅಮ್ಮನ ಕೈಯ ಗುಟ್ಟು.
ನಾನು ಕೊನೆಯವಳು, ನನ್ನ ಮಾತು ಯಾರೂ ಕೇಳುವುದಿಲ್ಲ.
ಆದರೂ ನನ್ನ ನಾಲಿಗೆಗೆ ಗೊತ್ತು:
ಬಾಲ್ಕನಿಯ ಹಲಗೆಯ ಮೇಲೆ ಹಪ್ಪಳದಂತೆ ಒಣಗಿಸಿದ
ಹುಳಿ ಪ್ಲಮ್ಮಿನ ಹಾಳೆ ಹರಿದು ಹಾಕುತ್ತಿದ್ದಳು.
ಕಣ್ಣು ಕಿರಿದಾಗುವಷ್ಟು ಹುಳಿ.

ಪುರಾವೆಗೆಂದು ಅವಳ ನೋಟ್‌ಬುಕ್ ತೆಗೆದೆವು.
ದುಂಡು ದುಂಡು ಅಕ್ಷರ, ಎಣ್ಣೆಯ ಬೆರಳಚ್ಚು:
ಕಾಳು, ಬೇಕಾದಷ್ಟು.
ನೀರು, ಮುಳುಗುವಷ್ಟು.
ಉಪ್ಪು, ಬೇಕಾದಷ್ಟು.
ಕೆಳಗೆ ಪೆನ್ಸಿಲಿನಲ್ಲಿ:
ಇವತ್ತು ಕರೆಂಟು ಎರಡು ಗಂಟೆ.
ನಾಜಿಬ್ರೋಲಾಗೆ ಸೀಮೆಎಣ್ಣೆ ಸಾಲ, ಒಂದು ಬಾಟಲಿ.

ಆ ಕತ್ತಲ ವರ್ಷಗಳು ನನಗೆ ಅಷ್ಟಾಗಿ ಕಷ್ಟವೆನಿಸಿರಲಿಲ್ಲ.
ಒಂದು ಸ್ಟೌ, ಮೂರು ಮನೆಯ ಪಾತ್ರೆಗಳ ಸರದಿ,
ಪಕ್ಕದ ಮನೆಯವರೆಲ್ಲ ಕೋಟಿನ ಸಮೇತ ನಮ್ಮ ಅಡುಗೆಮನೆಯಲ್ಲಿ.
ಮೇಣದಬತ್ತಿ ಉಳಿಸಬೇಕು, ಆರಿಸಿಬಿಡುತ್ತಿದ್ದಳು ಅಮ್ಮ.
ಕಾಳು ಬೆಂದದ್ದನ್ನು ಕಿವಿಯಿಂದ ತಿಳಿಯುತ್ತಿದ್ದಳು:
ಕೊತಕೊತ ಸದ್ದು ದಪ್ಪಗಾಗಬೇಕು.
ಆಮೇಲೆ ಅಂಗೈಯಿಂದ ಅಂಗೈಗೆ ಮೆಕ್ಕೆಜೋಳದ ಹಿಟ್ಟು,
ಪಟ್, ಪಟ್, ಪಟ್,
ಆ ಸದ್ದಿದ್ದ ಕಡೆ ಅಮ್ಮ ಇದ್ದಾಳೆ
ಎಂದುಕೊಂಡು ನಿದ್ದೆ ಹೋಗುತ್ತಿದ್ದೆ ನಾನು.
ಊಟಕ್ಕೆ ಎಬ್ಬಿಸಿದರೆ ಅಳುತ್ತಿದ್ದೆನಂತೆ.

ಈ ಭಾನುವಾರ ಜಗಳ ವಿಪರೀತಕ್ಕೆ ಹೋಯಿತು.
ಒತಾರಿ ಮೇಜು ಗುದ್ದಿದ, ಉಪ್ಪಿನಕಾಯಿ ಬಟ್ಟಲು ಕುಣಿಯಿತು.
ಹೀಟರಿನ ಪಕ್ಕ ಗುಂಡಿ ಡಬ್ಬಿ ಹರವಿಕೊಂಡು
ಕೋಟಿಗೆ ಹೊಂದುವ ಗುಂಡಿ ಹುಡುಕುತ್ತಿದ್ದ ಅಮ್ಮ,
ಎಂಬತ್ತೊಂದು ವಯಸ್ಸು, ತಲೆ ಎತ್ತದೆ ಅಂದಳು:

"ಸಿಯಾಲಾ ಚಿಕ್ಕವಳಿದ್ದಾಗ ಅಕ್ರೋಟು ಸಿಗುತ್ತಿತ್ತು, ಹಾಕಿದೆ.
ಇವನ ಕಾಲಕ್ಕೆ ಎಣ್ಣೆ ಮಾತ್ರ ಸಿಗುತ್ತಿತ್ತು.
ನೀನು ಬಂದಾಗ ಮನೆಯಲ್ಲಿದ್ದದ್ದು ಆ ಹುಳಿಯೊಂದೇ.
ಇದಕ್ಕೆ ಯಾಕೆ ಇಷ್ಟು ಕೂಗಾಟ?
ನನಗಂತೂ ಈ ಕಾಳು ಜನ್ಮದಲ್ಲಿ ಸೇರಿದ್ದಿಲ್ಲ."

ಗಡಿಗೆ ಒಂದೇ ಮಾತಾಡುತ್ತಿತ್ತು, ಕೊತಕೊತ.
ನಲವತ್ತು ವರ್ಷ ಎದುರಿಗೆ ಕೂತು ಉಂಡವರು ನಾವು,
ಅವಳ ತಟ್ಟೆಯ ಕಡೆ ಯಾರೂ ನೋಡಿರಲಿಲ್ಲ.

"ಮತ್ತೆ ನಿನಗೇನಮ್ಮ ಇಷ್ಟ?" ಅಕ್ಕ ಕೇಳಿದಳು, ಸಣ್ಣ ದನಿಯಲ್ಲಿ.
"ಆಲೂಗೆಡ್ಡೆ," ಎಂದಳು ತಡವರಿಸದೆ,
ಯಾರಾದರೂ ಕೇಳಲಿ ಎಂದು ಇಷ್ಟು ದಿನ
ಬಾಗಿಲ ಹಿಂದೆಯೇ ನಿಂತಿದ್ದ ಮಾತಿನಂತೆ.
"ಬಾಣಲೆಯಲ್ಲಿ ಹುರಿದದ್ದು. ತಳ ಸ್ವಲ್ಪ ಹಿಡಿದಿರಬೇಕು.
ಹುಡುಗಿಯಾಗಿದ್ದಾಗ ನನ್ನಪ್ಪ ಮಾಡುತ್ತಿದ್ದ.
ಅವನಿಗೆ ಬರುತ್ತಿದ್ದ ಅಡುಗೆ ಅದೊಂದೇ."

ಒತಾರಿ ಚೂರಿ ಹಿಡಿದು ಸಿಪ್ಪೆ ತೆಗೆಯಲು ಕೂತ.
ಸಿಪ್ಪೆಯ ಜೊತೆ ಅರ್ಧ ಗೆಡ್ಡೆಯೂ ಹೋಗುತ್ತಿತ್ತು.
"ಅಯ್ಯೋ, ತೆಳ್ಳಗೆ! ತೆಳ್ಳಗೆ ಕಣೋ!"
ಕುರ್ಚಿಯಿಂದಲೇ ಕೂಗಿದಳು ಅಮ್ಮ, ಏಳಲಿಲ್ಲ.

ಒಲೆಯ ಮುಂದೆ ಅಕ್ಕ ಅಭ್ಯಾಸಬಲದಿಂದ
ಮುಚ್ಚಳ ಎತ್ತಿ ಮೂಸಿದಳು.
"ತಳ ಹಿಡಿಯಿತು," ಎಂದಳು ಗಾಬರಿಯಲ್ಲಿ.

ಅಮ್ಮ ಒಂದು ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿದಳು.
"ಇನ್ನೊಂದು ಸ್ವಲ್ಪ ಬಿಡು."